ಸಾಕಮ್ಮನ ಅರ್ಧ ಚಮಚ

ಕುಂಬಾರಕೊಪ್ಪಲಿನಲ್ಲಿ ಸಾಕಮ್ಮನ ಮನೆ ಯಾವುದೆಂದು ಕೇಳಿದರೆ ಹಾಲಿನ ಬೂತಿನವನಿಂದ ಹಿಡಿದು ಇಸ್ತ್ರಿ ಅಂಗಡಿಯವನವರೆಗೆ ಎಲ್ಲರೂ ಕೈ ತೋರಿಸುತ್ತಾರೆ. ಅವರಲ್ಲಿ ಅರ್ಧದಷ್ಟು ಜನ ಒಂದು ಕಾಲಕ್ಕೆ ಅವಳ ಚಾಚಿದ ಕಾಲುಗಳ ಮೇಲೆ ಬೋರಲು ಮಲಗಿ, ಬಿಸಿನೀರು ಹುಯ್ಸಿಕೊಂಡು, ಬೀದಿಯೇ ಹಾರಿಹೋಗುವ ಹಾಗೆ ಕಿರುಚಿದವರು. ಎಳೆಕೂಸಿಗೆ ನೀರು ಹಾಕುವುದು, ಬಾಣಂತಿಗೆ ಎಣ್ಣೆ ತಿಕ್ಕಿ ಎರೆಯುವುದು, ನಲವತ್ತು ವರ್ಷದಿಂದ ಅವಳ ಕಸುಬು. ಅಗ್ರಹಾರದ ಓಣಿಗಳಿಂದ ವಿಜಯನಗರದ ಮೂರಂತಸ್ತಿನ ಮನೆಗಳವರೆಗೆ ಅವಳಿಗೆ ಕರೆ ಬರುತ್ತಿತ್ತು. "ಹೆರಿಗೆ ಮಾಡ್ಸೋರು ಡಾಕ್ಟ್ರು, ಕೂಸು ನಿಲ್ಸೋಳು ನಾನು" ಎಂದು ಅವಳು ಹೇಳಿದರೆ ಎದುರು ಮಾತಾಡುವ ಧೈರ್ಯ ಯಾರಿಗೂ ಇರಲಿಲ್ಲ.

ಸಾಕಮ್ಮನಿಗೆ ಇನ್ನೊಂದು ಹೆಮ್ಮೆಯೂ ಇತ್ತು. ಗಂಡ ಕುಡಿದು ಕುಡಿದು ಹೊಟ್ಟೆ ಊದಿಸಿಕೊಂಡು ನಲವತ್ತಕ್ಕೇ ಹೋದ ಮೇಲೆ ಅವಳ ಹೊಸ್ತಿಲೊಳಗೆ ಹೆಂಡ ಬಂದಿರಲಿಲ್ಲ. ಗೂಡ್ಸ್ ಆಟೋ ಓಡಿಸುವ ಮಗ ಸಿದ್ದಪ್ಪಾಜಿ ಐವತ್ತೆರಡು ವರ್ಷವಾದರೂ ಒಂದು ಹನಿ ಮುಟ್ಟಿದವನಲ್ಲ. ಮುಟ್ಟಿದ್ದರೆ ಅವನ ಗತಿ ಏನಾಗುತ್ತಿತ್ತು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಇಷ್ಟಾದರೂ ಅಡುಗೆಮನೆಯ ಶೆಲ್ಫಿನಲ್ಲಿ, ಬಜೆ, ಜಾಯಿಕಾಯಿ, ಓಮದ ಡಬ್ಬಿಗಳ ಸಾಲಿನಲ್ಲಿ, ಒಂದು ಕ್ವಾರ್ಟರ್ ಬ್ರಾಂಡಿ ಬಾಟಲು ಸದಾ ಇರುತ್ತಿತ್ತು. ಅದನ್ನು ಹೆಂಡ ಎಂದು ಕರೆದವನಿಗೆ ಸಾಕಮ್ಮ ಆ ದಿನದ ಊಟ ಹಾಕುತ್ತಿರಲಿಲ್ಲ. ಅದು ಥಂಡಿ ಓಡಿಸುವ ಔಷಧಿ. ಬಾಣಂತಿಗೆ ಎರೆದ ಮೇಲೆ ಅರ್ಧ ಲೋಟ ಬಿಸಿನೀರಿಗೆ ಎರಡು ಮುಚ್ಚಳ, ಕೂಸಿಗೆ ಕಿರುಬೆರಳು ಅದ್ದಿ ನಾಲಗೆಗೆ ಒಂದು ಸವರು. ಹೀಗೆ ನೂರಾರು ಮಕ್ಕಳು ಬೆಳೆದಿದ್ದಾರೆ ಎನ್ನುವುದು ಅವಳ ಲೆಕ್ಕ. ಬೆಳೆಯದವರ ಲೆಕ್ಕವನ್ನು ಅವಳು ಇಟ್ಟಿರಲಿಲ್ಲ, ಅವಳನ್ನು ಯಾರೂ ಕೇಳಿಯೂ ಇರಲಿಲ್ಲ.

ಈ ಸಲದ ಬಾಣಂತಿ ಸ್ವಂತ ಮೊಮ್ಮಗಳು. ಸಿದ್ದಪ್ಪಾಜಿಯ ಮಗಳು ಗೌತಮಿ ಸಿಟಿ ಬಸ್ಸಿನಲ್ಲಿ ಕಂಡಕ್ಟರು; ತಾಯಿ ತೀರಿಕೊಂಡು ಹತ್ತು ವರ್ಷವಾಗಿದ್ದರಿಂದ ಬಾಣಂತನಕ್ಕೆ ಅಜ್ಜಿಯೇ ದಿಕ್ಕು. ಹುಟ್ಟಿದ್ದು ಹೆಣ್ಣುಕೂಸು. ಇನ್ನೂ ಹೆಸರಿಟ್ಟಿರಲಿಲ್ಲ, ಪಾಪು ಎನ್ನುತ್ತಿದ್ದರು.

"ಇನ್ನೊಂದು ಗುಟುಕು ಕುಡಿಯೇ."

"ಗಂಟ್ಲು ಉರಿಯುತ್ತೆ ಕಣಜ್ಜಿ."

"ಉರೀಲಿ. ಒಳಗಿನ ಥಂಡಿ ಸಾಯೋದು ಎಂಗೆ ಮತ್ತೆ?"

ಬಸ್ಸಿನಲ್ಲಿ ನಲವತ್ತು ಜನರ ಬಾಯಿ ಮುಚ್ಚಿಸುವ ಗೌತಮಿ, ಸಾಂಬ್ರಾಣಿ ಹೊಗೆಯ ನಡುವೆ ತಲೆಗೆ ಬಟ್ಟೆ ಸುತ್ತಿಕೊಂಡು, ಅಜ್ಜಿ ಕೊಟ್ಟಿದ್ದನ್ನೆಲ್ಲ ಕುಡಿದು ಮಲಗುತ್ತಿದ್ದಳು. ಪಾಪುವೂ ಬೆಳಿಗ್ಗೆ ಒಂಬತ್ತಕ್ಕೆ ಮಲಗಿದರೆ ಮಧ್ಯಾಹ್ನ ಒಂದರ ತನಕ ಮಿಸುಕುತ್ತಿರಲಿಲ್ಲ. ಪಕ್ಕದ ಮನೆಯವರು ಬಂದು, "ಏನ್ ಸಾಕಮ್ಮ, ಮನೇಲಿ ಕೂಸು ಇದೆ ಅಂತ್ಲೇ ಗೊತ್ತಾಗಲ್ಲ" ಎನ್ನುವಾಗ ಸಾಕಮ್ಮ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು. "ಮತ್ತೆ? ಕೈ ಯಾರ್ದು?"

ತಿಂಗಳು ತುಂಬಿದ ಗುರುವಾರ ಮಂಜುಶ್ರೀ ಬಂದಳು. ಆ ಬೀದಿಗಳ ಆಶಾ ಕಾರ್ಯಕರ್ತೆ. ತಕ್ಕಡಿಯ ಜೋಲಿಯಲ್ಲಿ ಪಾಪುವನ್ನು ಮಲಗಿಸಿ ನೋಡಿ, ಬಿಚ್ಚಿ ಇನ್ನೊಂದು ಸಲ ಮಲಗಿಸಿ ನೋಡಿದಳು.

"ಹುಟ್ಟಿದಾಗ ಎರಡು ಕೆಜಿ ಒಂಬೈನೂರು. ಇವತ್ತು ಮೂರು. ತಿಂಗಳಿಗೆ ಬರೀ ನೂರು ಗ್ರಾಂ ಅಂದ್ರೆ ಹೆಂಗೆ ಗೌತಮಿ? ದಿನಕ್ಕೆ ಎಷ್ಟು ಸಲ ಹಾಲು ಕುಡೀತಾಳೆ?"

"ನಾಕೋ ಐದೋ. ಎಬ್ಬಿಸಿದ್ರೂ ಏಳಲ್ಲ ಮಂಜಕ್ಕ. ನನಗೂ ಹಾಲು ಸಾಲ್ತಿಲ್ಲ ಅನ್ಸುತ್ತೆ."

"ಕೂಸು ಮಲಗೋದೂ ತಪ್ಪೇನಮ್ಮ ನಿಮ್ಮ ಸರ್ಕಾರದಲ್ಲಿ?" ಎಂದಳು ಸಾಕಮ್ಮ.

"ತಪ್ಪಲ್ಲ ಅಜ್ಜಿ. ಎಂಟು ಹತ್ತು ಸಲನಾದ್ರೂ ಎದ್ದು ಕುಡೀಬೇಕು. ಮಗೂಗೆ ಹೊರಗಿಂದು ಏನಾದ್ರೂ ಕೊಡ್ತಿದೀರಾ? ನೀರು, ಗ್ರೈಪ್ ವಾಟರ್?"

"ಬಜೆ ತೇದು ಹಾಕ್ತೀನಿ. ನೀರು ಗೀರು ಕೊಡಲ್ಲ" ಎಂದಳು ಸಾಕಮ್ಮ.

ಮಂಜುಶ್ರೀ ಹೊಸ ಫಾರಂ ತೆಗೆದಳು. ಮನೆಯಲ್ಲಿ ಬೀಡಿ ಸಿಗರೇಟು ಸೇದುವವರು? ಇಲ್ಲ. ಮದ್ಯಪಾನ ಮಾಡುವವರು?

ಸಾಕಮ್ಮ ನಕ್ಕೇಬಿಟ್ಟಳು. "ಈ ಮನೇಲಿ? ಬರ್ಕೋ ತಾಯಿ, ದಪ್ಪಕ್ಷರದಲ್ಲಿ ಬರ್ಕೋ. ಒಂದು ತೊಟ್ಟೂ ಇಲ್ಲ."

ಅವಳು ಸುಳ್ಳು ಹೇಳಲಿಲ್ಲ. ಬೆನ್ನ ಹಿಂದೆ ಮೂರು ಮಾರು ದೂರದಲ್ಲಿ ಬಾಟಲು ನಿಂತಿತ್ತು, ಆದರೆ ಅದು ಅವಳ ತಲೆಗೆ ಹೊಳೆಯಲೇ ಇಲ್ಲ. ಮಂಜುಶ್ರೀ ಇಲ್ಲ ಎಂದು ಗುರುತು ಹಾಕಿಕೊಂಡು, ಮುಂದಿನ ವಾರ ಮತ್ತೆ ತೂಗುತ್ತೇನೆ ಎಂದು ಹೋದಳು.

ಆ ಫಾರಂ ಗೌತಮಿಯ ತಲೆಯಲ್ಲಿ ಉಳಿದುಕೊಂಡಿತು. ಭಾನುವಾರ ಅವಳ ಗಂಡ ಪ್ರೇಮ್‌ಕುಮಾರ್ ಬಂದಿದ್ದ. ಸಿದ್ದಪ್ಪಾಜಿ ತಂದ ನಾಟಿ ಕೋಳಿಯ ಸಾರು, ಮುದ್ದೆ, ಬಾಣಂತಿಗೆ ಬೇರೆಯಾಗಿ ಸಬ್ಬಸಿಗೆ ಸೊಪ್ಪಿನ ಪಲ್ಯ. ಎಲ್ಲರೂ ತಟ್ಟೆ ಮುಂದೆ ಕೂತಿದ್ದಾಗ ಗೌತಮಿ ಪಾಪುವನ್ನು ಎತ್ತಿಕೊಂಡೇ ಅಡುಗೆಮನೆಗೆ ಬಂದಳು.

"ಅಪ್ಪ, ಇದರ ಬಾಯಿ ಮೂಸು."

"ಏನಾಯ್ತವ್ವ?"

"ಮೂಸು ಅಂದೆ. ಲಾಸ್ಟ್ ಟ್ರಿಪ್ಪಲ್ಲಿ ನನ್ನ ಬಸ್ಸಿನ ಹಿಂದಿನ ಸೀಟಲ್ಲಿ ಬರೋ ವಾಸನೆ ನನ್ನ ಮಗಳ ಬಾಯಲ್ಲಿ ಬರ್ತಿದೆ. ಅಜ್ಜಿ, ಇವಳಿಗೂ ಕುಡಿಸ್ತಿದೀಯಾ?"

"ಕುಡ್ಸೋದಂತೆ! ಬೆರಳ ತುದೀಲಿ ಸವರಿದ್ರೆ ಕುಡ್ಸಿದಂಗಾ? ಔಷಧಿ ಕಣೇ."

"ಔಷಧಿ ಆಗಿದ್ರೆ ಮಂಜಕ್ಕ ಕೇಳಿದಾಗ ಹೇಳ್ಬೇಕಿತ್ತು."

"ಅವಳು ಔಷಧಿ ಕೊಡ್ತೀರಾ ಅಂತ ಕೇಳ್ಲಿಲ್ಲ. ಕುಡಿಯೋರು ಇದಾರಾ ಅಂದ್ಲು. ಇಲ್ಲ ಅಂದೆ."

ಪ್ರೇಮ್‌ಕುಮಾರ್ ಸಮಾಧಾನ ಮಾಡಲು ಹೋದ. "ಸ್ವಲ್ಪ ತಾನೇ ಗೌತಮಿ. ಅಳತೆಯಲ್ಲಿದ್ರೆ ಏನೂ ಆಗಲ್ಲ. ನನ್ನ ಕಿಡ್ನಿ ಕಲ್ಲಿಗೂ ಒಬ್ರು ಬಿಯರ್ ಕುಡಿ ಅಂದ್ರು. ಬರೀ ಬಾರ್ಲಿ ನೀರು ಅಷ್ಟೆ ಅದು."

"ಯಾರು ಅಂದೋರು, ಡಾಕ್ಟ್ರಾ?"

"ಅಲ್ಲ, ನಮ್ಮ ಆಫೀಸಿನ ಸುದರ್ಶನ."

"ಅವರೇ ಕಲ್ಲು ತೆಗೀತಾರಾ?"

ಬಿಯರ್ ಎಂಬ ಮಾತು ಕಿವಿಗೆ ಬಿದ್ದದ್ದೇ ಸಾಕಮ್ಮ ಸೌಟು ಹಿಡಿದು ಎದ್ದಳು. "ಈ ಮನೇಲಿ ಕೂತ್ಕೊಂಡು ಬಿಯರ್ ಮಾತಾಡ್ತೀಯೇನಪ್ಪ ನೀನು? ಮುದ್ದೆ ಬುಟ್ಟು ಏಳು ಮೇಲೆ!"

"ನೋಡಪ್ಪ ನ್ಯಾಯಾನ!" ಎಂದಳು ಗೌತಮಿ. "ಬಿಯರ್ ಅಂದೋರಿಗೆ ಸೌಟು, ಬ್ರಾಂಡಿ ಸವರೋರಿಗೆ ಕೈತುಂಬ ಬಾಗಿನ. ಎರಡೂ ಒಂದೇ ಅಂಗಡೀಲಿ ತಾನೇ ಮಾರೋದು? ರೀ, ನಿಮ್ಮ ಬಾರ್ಲಿ ನೀರೂ ಇವತ್ತಿಗೆ ಕೊನೆ."

"ನಿಮ್ಮಪ್ಪಂಗೂ ಸವರಿದ್ದೆ ಕಣೇ. ಗುಂಡುಕಲ್ಲಂಗೆ ಕೂತವ್ನೆ ನೋಡು."

ಗುಂಡುಕಲ್ಲು ತಟ್ಟೆ ನೋಡುತ್ತ ಕೋಳಿಯ ಮೂಳೆ ಚೀಪುತ್ತಿತ್ತು. ಗೌತಮಿ ಶೆಲ್ಫಿನಿಂದ ಬಾಟಲು ತೆಗೆದು, ಸಿಂಕಿಗೆ ಸುರಿದು, ನಲ್ಲಿ ಬಿಟ್ಟಳು. ಸಾಕಮ್ಮನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಅಷ್ಟು ವರ್ಷದಲ್ಲಿ ಅವಳ ಕೈಯನ್ನು ಯಾರೂ ಹಾಗೆ ತಡೆದಿರಲಿಲ್ಲ, ತಡೆದದ್ದು ಅವಳೇ ನೀರು ಹಾಕಿ ಬೆಳೆಸಿದ ಹುಡುಗಿ. "ನಿನ್ನೆ ಮೊನ್ನೆ ಹೆತ್ತೋಳು ನನಗೆ ಹೇಳಿಕೊಡ್ತಾಳೆ" ಎಂದು ಬೀದಿಗೆ ಕೇಳುವ ಹಾಗೆ ಕೂಗಿ, ಊಟ ಬಿಟ್ಟು ಜಗುಲಿಯ ಮೇಲೆ ಹೋಗಿ ಕೂತಳು.

ಮುಂದಿನ ವಾರ ಪಾಪು ಎರಡು ಗಂಟೆಗೊಮ್ಮೆ ಎದ್ದು ಅತ್ತಿತು, ಹಾಲು ಕುಡಿಯಿತು. ತೂಕ ಇನ್ನೂರು ಗ್ರಾಂ ಏರಿತು. "ಸಬ್ಬಸಿಗೆ ಸೊಪ್ಪು ಹಿಡೀತು" ಎಂದಳು ಸಾಕಮ್ಮ. ಆದರೆ ಮನೆಗೆ ಬಂದವರು "ಕೂಸು ಯಾಕೋ ಕಿರಿಕಿರಿ ಮಾಡ್ತದಲ್ಲ" ಎಂದಾಗಲೆಲ್ಲ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅದೇ ಸಮಯಕ್ಕೆ ವಿಜಯನಗರದ ವಾಣಿ ಮೇಡಂ ಮನೆಯಲ್ಲಿ ಸೊಸೆ ಶಿಲ್ಪಶ್ರೀ ಹೆತ್ತಿದ್ದಳು. ಅಲ್ಲಿ ಸಾಕಮ್ಮನಿಗೆ ಎಂಥ ಮರ್ಯಾದೆ! ಕೂರಲು ಮಣೆ, ಕುಡಿಯಲು ಕಾಫಿ, ಹೊರಡುವಾಗ ಒಂದು ಹೊಸ ಬಾಟಲು. "ನಿಮ್ಮನೇಲೂ ಬಾಣಂತಿ ಇದಾಳಲ್ಲ ಸಾಕಮ್ಮ, ಇಟ್ಕೋ, ಒಳ್ಳೇದು." ಸಾಕಮ್ಮ ಅದನ್ನು ಎಣ್ಣೆ ಬಟ್ಟೆಗಳ ಚೀಲದ ತಳದಲ್ಲಿಟ್ಟು ತಂದಳು.

ಒಂದು ಬುಧವಾರ ರಜೆಯ ಕಾಗದ ಕೊಡಲು ಗೌತಮಿ ಡಿಪೋಗೆ ಹೋದಳು. ಪಾಪುವಿಗೆ ಹಾಲು ಕುಡಿಸಿ ಹತ್ತೂವರೆಗೆ ಹೊರಟವಳು, ಹನ್ನೆರಡೂವರೆಯೊಳಗೆ ಬರುತ್ತೇನೆ ಎಂದಿದ್ದಳು. ಅಲ್ಲಿ ಸಹಿ ಹಾಕುವವರು ಊಟಕ್ಕೆ ಹೋಗಿದ್ದರು. ಇಲ್ಲಿ ಪಾಪುವಿಗೆ ಬೆಳಗಿನಿಂದ ಸೀನು, ಮೂಗು ಕಟ್ಟಿತ್ತು.

ಸಾಕಮ್ಮ ಚೀಲ ಬಿಚ್ಚಿದಳು. ಬೆರಳ ತುದಿಗೆ ಇಷ್ಟು ಥಂಡಿ ಜಗ್ಗುವುದಿಲ್ಲ ಎಂದುಕೊಂಡು ಅರ್ಧ ಚಮಚ ಹಾಕಿದಳು. ಅತ್ತಾಗ ಇನ್ನರ್ಧ. ಪಾದ ಮುಟ್ಟಿದರೆ ಯಾಕೋ ತಣ್ಣಗಿತ್ತು, ಬೆಚ್ಚಗಾಗಲಿ ಎಂದು ಇನ್ನೂ ಅರ್ಧ. ಆಮೇಲೆ ಪಾಪು ಅಳಲಿಲ್ಲ. ಮನೆ ನಿಶ್ಶಬ್ದವಾಯಿತು. ಸಾಕಮ್ಮ ಗೆದ್ದೆ ಎಂದುಕೊಂಡು ಬೆಳ್ಳುಳ್ಳಿ ಸುಲಿಯಲು ಕೂತಳು.

ಗೌತಮಿ ಮೂರು ಗಂಟೆಗೆ ಬಂದು ಎದೆಗೆ ಹಾಕಿಕೊಂಡರೆ ಪಾಪು ಬಾಯಿ ತೆರೆಯಲಿಲ್ಲ. ಅಂಗಾಲು ತಟ್ಟಿದರೂ ಕಣ್ಣು ಬಿಡಲಿಲ್ಲ. ಎತ್ತಿದ ಕೈ ಹಾಗೇ ಜೋತುಬಿತ್ತು. "ಅಪ್ಪಾ!" ಎಂದು ಅವಳು ಕೂಗಿದ್ದಕ್ಕೆ, ಆಗತಾನೇ ಮನೆ ಮುಂದೆ ಗಾಡಿ ನಿಲ್ಲಿಸಿದ್ದ ಸಿದ್ದಪ್ಪಾಜಿ ಆಟೋದಲ್ಲಿದ್ದ ಸಿಮೆಂಟು ಮೂಟೆಗಳನ್ನೂ ಇಳಿಸದೆ ಗಾಡಿ ತಿರುಗಿಸಿದ. ಸಾಕಮ್ಮ ಹಿಂದೆ ಮೂಟೆಯ ಮೇಲೆ ಹತ್ತಿ ಕೂತಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪಾಪುವಿನ ಹಿಮ್ಮಡಿ ಚುಚ್ಚಿ ಒಂದು ಹನಿ ರಕ್ತ ತೆಗೆದರು. "ಸಕ್ಕರೆ ತುಂಬ ಇಳಿದಿದೆ. ಮೈ ತಣ್ಣಗಿದೆ. ಏನು ಕೊಟ್ಟಿದ್ರಿ?"

"ಎದೆಹಾಲು ಬಿಟ್ರೆ ಏನಿಲ್ಲ ಡಾಕ್ಟ್ರೇ" ಎಂದಳು ಗೌತಮಿ.

"ಸರಿಯಾಗಿ ಯೋಚನೆ ಮಾಡಿ ಹೇಳಿ. ಏನು ಕೊಟ್ಟಿದೀರಿ ಅಂತ ಗೊತ್ತಾದ್ರೆ ನಮಗೆ ಬೇಗ ಆಗುತ್ತೆ."

ಸಾಕಮ್ಮ ಬಾಗಿಲ ಬಳಿ ನಿಂತಿದ್ದಳು. ಸುಮ್ಮನಿದ್ದುಬಿಡಬಹುದಿತ್ತು. ಹೇಳಿದರೆ ಹೆಸರು ಹೋಗುತ್ತದೆ, ಕಸುಬು ಹೋಗುತ್ತದೆ, ಮೊಮ್ಮಗಳು ಹೋಗುತ್ತಾಳೆ ಎಂಬುದು ಅವಳಿಗೆ ಆ ಗಳಿಗೆಯಲ್ಲೇ ಗೊತ್ತಿತ್ತು. ಅವಳು ಜನರನ್ನು ತಳ್ಳಿಕೊಂಡು ಮುಂದೆ ಬಂದಳು.

"ಬ್ರಾಂಡಿ ಕೊಟ್ಟೆ. ಅರ್ಧ ಅರ್ಧ ಚಮಚ, ಮೂರು ಸಲ. ಇವಳಿಗೆ ಗೊತ್ತಿಲ್ಲ, ಇವಳ್ನ ಬಯ್ಬೇಡಿ. ನಾನೇ ಕೊಟ್ಟಿದ್ದು."

ಯಾರೂ ಅವಳನ್ನು ಬಯ್ಯಲಿಲ್ಲ, ಅದಕ್ಕೆ ಪುರುಸೊತ್ತಿರಲಿಲ್ಲ. ಎಳೆ ಕೈಗೆ ಸೂಜಿ ಹಾಕಿದರು, ಗ್ಲೂಕೋಸ್ ಕೊಟ್ಟರು, ಬೆಚ್ಚನೆಯ ದೀಪದ ಕೆಳಗೆ ಮಲಗಿಸಿದರು. ಒಂದು ಗಂಟೆಯ ಮೇಲೆ ಒಳಗಿಂದ ಪಾಪು ಅತ್ತದ್ದು ಕೇಳಿತು. ಅಷ್ಟು ಮಕ್ಕಳ ಅಳು ಕೇಳಿದ್ದ ಸಾಕಮ್ಮ ಆ ಅಳು ಕೇಳಿ ಗೊಳೋ ಎಂದು ಅತ್ತಳು.

ಡಾಕ್ಟರಮ್ಮ ಆಮೇಲೆ ಹೊರಗೆ ಬಂದು ಅವಳ ಪಕ್ಕದ ಬೆಂಚಿನ ಮೇಲೇ ಕೂತರು. "ನೀವು ಹೇಳಿದ್ದು ಒಳ್ಳೇದಾಯ್ತಜ್ಜಿ. ಬಹಳ ಜನ ಹೇಳಲ್ಲ. ಬ್ರಾಂಡಿ ಬಿಸಿ ಅಂತ ಕೊಡ್ತೀರಿ. ಕುಡಿದೋರಿಗೆ ಚರ್ಮ ಬಿಸಿ ಅನ್ಸುತ್ತೆ, ಒಳಗಿನ ಶಾಖ ಹೊರಗೆ ಹೋಗ್ತಿರುತ್ತೆ. ಎಳೆಮಗುವಿನ ರಕ್ತದ ಸಕ್ಕರೇನೂ ಇಳಿಸುತ್ತೆ. ಅದು ನಿದ್ದೆ ಅಲ್ಲ, ಅಮಲು. ತಾಯಿ ಕುಡಿದ್ರೆ ಹಾಲು ಇಳಿಯೋದೂ ಕಮ್ಮಿ ಆಗುತ್ತೆ, ಹಾಲಲ್ಲೂ ಅದು ಸೇರುತ್ತೆ."

"ಬೆರಳ ತುದೀಲಿ ಸವರಿದ್ರೆ?"

"ಮಗುಗೆ ಇಷ್ಟು ಕೊಟ್ರೆ ಪರವಾಗಿಲ್ಲ ಅನ್ನೋ ಅಳತೆನೇ ಇಲ್ಲ."

ಬಿಸಿಯಾಗಲಿ ಎಂದು ತಾನು ಕೊಟ್ಟದ್ದೇ ಪಾದ ತಣ್ಣಗೆ ಮಾಡಿತು, ತಣ್ಣಗಾಯಿತೆಂದು ತಾನು ಮತ್ತೆ ಕೊಟ್ಟೆ ಎಂಬುದು ಸಾಕಮ್ಮನಿಗೆ ಪೂರ್ತಿ ಅರ್ಥವಾಗಿತ್ತು.

ಮೂರನೇ ದಿನ ಮನೆಗೆ ಬಂದರು. ಹೊಸ್ತಿಲಲ್ಲೇ ಗೌತಮಿ ಹೇಳಿದಳು, "ಇನ್ಮೇಲೆ ನನ್ನ ಮಗೂನ ಮುಟ್ಬೇಡ."

"ಮುಟ್ಟಲ್ಲ ಬುಡು."

"ಆಣೆ ಮಾಡು."

"ಆಣೆಗೀಣೆ ಎಲ್ಲ ಮಾಡಲ್ಲ. ಮುಟ್ಟಲ್ಲ ಅಂದ್ರೆ ಮುಟ್ಟಲ್ಲ."

ಅಲ್ಲಿಂದ ಮನೆಯಲ್ಲಿ ಮಾತು ಸಿದ್ದಪ್ಪಾಜಿಯ ಮೂಲಕವೇ ಓಡಾಡತೊಡಗಿತು. "ಅಪ್ಪ, ಸಾರಿಗೆ ಉಪ್ಪು ಜಾಸ್ತಿ ಅಂತ ಹೇಳು." "ಸಿದ್ದಪ್ಪಾಜಿ, ಬೇಕಾದ್ರೆ ತಾನೇ ಮಾಡ್ಕೊಳ್ಳಿ ಅಂತ ಹೇಳು." ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಎರಡು ಅಡಿ ದೂರದಲ್ಲಿ ನಿಂತಿರುತ್ತಿದ್ದರು. ಗೌತಮಿ ಪ್ಲಾಸ್ಟಿಕ್ ಟಬ್ಬಿನಲ್ಲಿ ತಾನೇ ಪಾಪುವಿಗೆ ಸ್ನಾನ ಮಾಡಿಸತೊಡಗಿದಳು. ಬಚ್ಚಲಲ್ಲಿ ಪಾಪು ಕಿರುಚಿದರೆ ಸಾಕಮ್ಮ ಗೋಡೆಯ ಈಚೆಯಿಂದ, "ಕಣ್ಣಿಗೆ ಸೋಪು ಹೋಯ್ತು ಅಂತ ಯಾರಾದ್ರೂ ಹೇಳ್ರಪ್ಪೋ" ಎಂದು ಸೂರು ನೋಡಿಕೊಂಡು ಕೂಗುತ್ತಿದ್ದಳು. ಪಾಪು ಮಾತ್ರ ದಿನದಿಂದ ದಿನಕ್ಕೆ ಗುಂಡಗಾಗುತ್ತಿತ್ತು. ಅದನ್ನು ದೂರದಿಂದ ನೋಡಿ ಸಾಕಮ್ಮನಿಗೆ ಸಂತೋಷವೂ ಆಗುತ್ತಿತ್ತು, ಸಂಕಟವೂ ಆಗುತ್ತಿತ್ತು.

ಆಸ್ಪತ್ರೆಯಿಂದ ಬಂದ ಹನ್ನೆರಡನೇ ದಿನ ವಾಣಿ ಮೇಡಂ ಮನೆಯಿಂದ ಮತ್ತೆ ಕರೆ ಬಂತು. ಅಷ್ಟು ದಿನ ಕಾಲುನೋವೆಂದು ತಪ್ಪಿಸಿಕೊಂಡಿದ್ದಳು. ಅವತ್ತು ಸೀರೆ ನೆರಿಗೆ ಸರಿಮಾಡಿಕೊಂಡು, ಬಾಟಲನ್ನು ಚೀಲಕ್ಕೆ ಹಾಕಿಕೊಂಡು, ವಿಜಯನಗರದ ಬಸ್ಸು ಹತ್ತಿದಳು.

ಶಿಲ್ಪಶ್ರೀಗೆ ಎರೆದಾಯಿತು, ಅವಳ ಗಂಡುಕೂಸಿಗೆ ನೀರು ಹಾಕಿದ್ದಾಯಿತು. ವಾಣಿ ಮೇಡಂ ಬೆಳ್ಳಿ ಬಟ್ಟಲಲ್ಲಿ ಬ್ರಾಂಡಿ ತಂದಿಟ್ಟರು. "ತಗೋ ಸಾಕಮ್ಮ. ನೀನು ಬರದೇ ಇದ್ದಾಗ ನಾನೇ ಹಾಕ್ತಿದ್ದೆ. ಎಷ್ಟು ಚೆನ್ನಾಗಿ ಮಲಗುತ್ತೆ ಗೊತ್ತಾ?"

ಸಾಕಮ್ಮ ಆ ಬಟ್ಟಲು ತೆಗೆದುಕೊಂಡು ಬಚ್ಚಲ ನೀರಿಗೆ ಸುರಿದಳು. ಚೀಲದಿಂದ ಬಾಟಲು ತೆಗೆದು ಅದನ್ನೂ ಸುರಿದಳು.

"ಏಯ್, ಏನು ಮಾಡ್ತಿದೀಯ?"

"ಅದು ಮಲಗ್ತಿಲ್ಲ ಅಮ್ಮಾವ್ರೇ. ಅಮಲಲ್ಲಿ ಬಿದ್ದದೆ. ನನ್ನ ಮೊಮ್ಮಗಳ ಕೂಸಿಗೆ ಇದನ್ನೇ ಕೊಟ್ಟು ಆಸ್ಪತ್ರೆಗೆ ಹಾಕಿದ್ದೆ. ತಣ್ಣಗಾಗಿಹೋಗಿತ್ತು."

"ನೀನು ಅಳತೆ ತಪ್ಪಿ ಕೊಟ್ರೆ ಅದಕ್ಕೆ ನಾವೇನು ಮಾಡೋಣ? ನನ್ನ ಮಗ ನಿಶಾಂತ ಕೂಸಾಗಿದ್ದಾಗ ಅವನಿಗೆ ನೀನೇ ಸವರಿದ್ದಲ್ವಾ?"

"ಔದು, ಸವರಿದ್ದೆ. ಏನೂ ಆಗ್ಲಿಲ್ಲ, ನಿಮ್ಮ ಪುಣ್ಯ, ನನ್ನ ಪುಣ್ಯ. ಅದನ್ನ ನನ್ನ ಕೈಗುಣ ಅಂತ ಮೆರೆದೆ. ತಪ್ಪು ಮಾಡ್ದೆ."

ಶಿಲ್ಪಶ್ರೀ ಮಂಚದ ಮೇಲೆ ಎದ್ದು ಕೂತಿದ್ದಳು. "ಅಜ್ಜಿ, ನಿಜವಾಗ್ಲೂ ಆಸ್ಪತ್ರೆಗೆ ಸೇರಿಸಿದ್ರಾ?"

"ನೀನು ಮಲಗು ಶಿಲ್ಪ" ಎಂದರು ವಾಣಿ ಮೇಡಂ.

"ಮಲಗ್ಬೇಡ ಕಣವ್ವ" ಎಂದಳು ಸಾಕಮ್ಮ. "ಕೂಸಿನ ಬಾಯಿ ಮೂಸು, ಪಾದ ಮುಟ್ಟಿ ನೋಡು, ಇವತ್ತೇ ಡಾಕ್ಟ್ರ ಹತ್ರ ತೋರ್ಸು. ನೀನೂ ಕುಡೀಬೇಡ. ಕೂಸು ನಿಂದು. ನಾನಾಗ್ಲಿ ಇವರಾಗ್ಲಿ ಯಾರು?"

ಮುಂದಿನದು ಹೇಳುವಂಥದ್ದಲ್ಲ. ವಾಣಿ ಮೇಡಂ ಅವಳ ಚೀಲವನ್ನು ಗೇಟಿನಾಚೆ ಇಡಿಸಿದರು. ಸಾಕಮ್ಮ ಕೂಲಿಯನ್ನೂ ಕೇಳದೆ, ತಲೆ ಎತ್ತಿಕೊಂಡು ನಡೆದು ಬಂದಳು. ಬಸ್ ಸ್ಟಾಪಿನಲ್ಲಿ ಕೂತು ಲೆಕ್ಕ ಹಾಕಿದಳು. ಈ ಸುದ್ದಿ ಹತ್ತು ಮನೆಗೆ ಹೋಗುತ್ತದೆ, ಇನ್ನು ಯಾರೂ ಕರೆಯುವುದಿಲ್ಲ. ಕರೆಯದಿದ್ದರೆ ತಾನೇ ಆ ಹತ್ತು ಮನೆಗೂ ಹೋಗಿ ಹೇಳಿ ಬರುತ್ತೇನೆ ಎಂದುಕೊಂಡಳು. ಮನೆಗೆ ಬಂದು ಯಾರಿಗೂ ಏನೂ ಹೇಳಲಿಲ್ಲ.

ಸಂಜೆ ಸಿದ್ದಪ್ಪಾಜಿ ಮುದ್ದೆ ತೊಳಸುತ್ತಿದ್ದ. ಕೈ ಬಿಡುವಿಲ್ಲದ್ದರಿಂದ, ಫೋನು ಹೊಡೆದುಕೊಂಡಾಗ ಗೌತಮಿ ಅದನ್ನು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲಿಟ್ಟಳು. ಅಡುಗೆಮನೆಯ ತುಂಬ ವಾಣಿ ಮೇಡಂ ದನಿ ತುಂಬಿಕೊಂಡಿತು.

"ಸಿದ್ದಪ್ಪಾಜಿ, ನಿಮ್ಮ ತಾಯಿಗೆ ಬುದ್ಧಿ ನೆಟ್ಟಗಿಲ್ಲ ಅಂತ ಕಾಣುತ್ತೆ. ಬ್ರಾಂಡಿ ಎಲ್ಲ ಚೆಲ್ಲಿ, ನನ್ನ ಸೊಸೆ ಎದುರಿಗೆ ನಾನೇ ಮಗೂನ ಕೆಡಿಸ್ತಿದೀನಿ ಅನ್ನೋ ಹಾಗೆ ಮಾತಾಡಿದ್ರು. ಶಿಲ್ಪ ಆಗಲಿಂದ ಮಗೂನ ನನ್ನ ಕೈಗೆ ಕೊಡ್ತಿಲ್ಲ. ತಾನು ಮಾಡಿದ ತಪ್ಪಿಗೆ ಎಲ್ಲರ ಮೇಲೂ ಗೂಬೆ ಕೂರಿಸಿದ್ರೆ ಹೇಗೆ? ಇನ್ನು ಈ ಕಡೆ ಒಂದು ಮನೆಯೂ ಆಕೇನ ಸೇರಿಸಲ್ಲ, ಹೇಳಿಬಿಡಿ."

ಸಿದ್ದಪ್ಪಾಜಿ ಮುದ್ದೆಕೋಲು ಹಿಡಿದು ತಾಯಿಯ ಮುಖ ನೋಡಿದ. ಸಾಕಮ್ಮ ಗೋಡೆ ನೋಡಿದಳು. ಗೌತಮಿ ಪಾಪುವನ್ನು ಎಡಗೈಗೆ ಬದಲಾಯಿಸಿಕೊಂಡು ಫೋನಿನ ಹತ್ತಿರ ಬಗ್ಗಿದಳು.

"ಮೇಡಂ, ನಾನು ಅವರ ಮೊಮ್ಮಗಳು ಗೌತಮಿ. ಬ್ರಾಂಡಿ ಕುಡಿದು ಆಸ್ಪತ್ರೆ ಸೇರಿದ ಮಗು ನಂದೇ. ಕುಡಿಸಿದೋರು ನಮ್ಮಜ್ಜಿನೇ. ಅದಕ್ಕೆ ನಾನು ಅವರನ್ನ ಇನ್ನೂ ಮಾತಾಡ್ಸಿಲ್ಲ, ಅದು ನಮ್ಮನೆ ವಿಷಯ. ಆದ್ರೆ ಇವತ್ತು ಅವರು ನಿಮ್ಮನೇಲಿ ಹೇಳಿದ್ರಲ್ಲ, ಅದ್ರಲ್ಲಿ ಒಂದಕ್ಷರ ಸುಳ್ಳಿಲ್ಲ. ಬುದ್ಧಿ ನೆಟ್ಟಗಿರೋದಕ್ಕೇ ಹೇಳಿದಾರೆ. ನಿಮ್ಮ ಸೊಸೆಗೆ ಫೋನ್ ಕೊಡಿ."

"ಅವಳಿಗ್ಯಾಕೆ ಕೊಡಲಿ?"

"ಕೊಡಿ ಮೇಡಂ. ಡಾಕ್ಟ್ರು ಏನಂದ್ರು ಅಂತ ನಾನೇ ಹೇಳ್ತೀನಿ. ಇಟ್ಟುಬಿಟ್ರೆ ನಾಳೆ ಮಗು ಎತ್ಕೊಂಡು ನಿಮ್ಮ ಮನೆ ಬಾಗಿಲಿಗೇ ಬರ್ತೀನಿ."

ಫೋನು ಕಟ್ಟಾಯಿತು. ಪಾತ್ರೆಯಲ್ಲಿ ಹಿಟ್ಟು ಗಂಟಾಗುತ್ತಿರುವುದು ಕಂಡು ಸಿದ್ದಪ್ಪಾಜಿ ಮತ್ತೆ ಕೋಲು ತಿರುವಿದ.

ಗೌತಮಿ ಅಜ್ಜಿಯ ಎದುರಿಗೆ ಬಂದು ನಿಂತಳು. ಹನ್ನೆರಡು ದಿನದ ಮೇಲೆ ನೇರವಾಗಿ ಆಡಿದ ಮೊದಲ ಮಾತು ಅದು. "ನಾಳೆ ಪಾಪುಗೆ ನೀನೇ ನೀರು ಹಾಕು. ಆದ್ರೆ ನಾನು ಪಕ್ಕದಲ್ಲೇ ನಿಂತಿರ್ತೀನಿ. ಮೊದಲು ನಿನ್ನ ಚೀಲ ನೋಡ್ತೀನಿ."

"ನೋಡೇ. ಚೀಲ ನೋಡು, ಸೆರಗು ಒದರಿ ನೋಡು, ದಿನಾ ನೋಡು" ಎಂದಳು ಸಾಕಮ್ಮ. ಗದರಿಕೊಂಡೇ ಕೈ ಚಾಚಿದಳು. "ಆದ್ರೆ ನಾನು ನೀರು ಹುಯ್ಯೋವಾಗ ಬಾಯಿ ಹಾಕ್ಬೇಡ. ತಾ ಇಲ್ಲಿ, ಕತ್ತಿನ ಮಡಿಕೇಲಿ ಅಷ್ಟು ದಿನದ ಹಾಲಿನ ಕೊಳೆ ಅಂಗೇ ಕೂತದೆ, ಕಂಡಕ್ಟ್ರಮ್ಮಂಗೆ ಕಣ್ಣು ಕಾಣಲ್ವಾ?"